ನೆನಪು ನೆಲೆಗೊಳ್ಳುವ ಬಗೆ

ಯಾರೋ ಹೇಳಿದ ದೂರವಾಣಿ ಸಂಖ್ಯೆಯನ್ನು ಬರೆದುಕೊಳ್ಳುವವರೆಗೆ ನಾವು ಬಾಯಲ್ಲೇ ಜಪಿಸುತ್ತಿರುತ್ತೇವೆ. ಬರೆದು ಮುಗಿಸಿದೊಡನೆ ಅದು ಮನಸ್ಸಿನಿಂದ ಜಾರಿಹೋಗುತ್ತದೆ. ಬಾಲ್ಯದಲ್ಲಿ ಕಲಿತ ಮಗ್ಗಿಯಾದರೋ ಮುಪ್ಪಿನವರೆಗೂ ಮಾಸುವುದಿಲ್ಲ. ಒಂದೇ ಮಿದುಳಿನಲ್ಲಿ ಈ ಎರಡು ಬಗೆಯ ವ್ಯಾಪಾರ ಹೇಗೆ ನಡೆಯುತ್ತದೆ? ಈ ಪ್ರಶ್ನೆಯ ಮೇಲೆ ಹೆಚ್ಚಿನ ಬೆಳಕು ಬಿದ್ದುದು ಒಬ್ಬ ಮನುಷ್ಯನ ದುರ್ದೈವದಿಂದ.

ಅಮೆರಿಕದ ಕನೆಕ್ಟಿಕಟ್ ಸಂಸ್ಥಾನದಲ್ಲಿ 1926ರಲ್ಲಿ ಜನಿಸಿದ ಹೆನ್ರಿ ಮೊಲೈಸನ್ ಎಂಬಾತನನ್ನು ಬಾಲ್ಯದಿಂದಲೇ ಅಪಸ್ಮಾರ ರೋಗವು ಕಾಡುತ್ತಿತ್ತು. ಔಷಧಗಳಿಂದ ಗುಣ ಕಾಣಲಿಲ್ಲ. 1953ರಲ್ಲಿ, ಅವನಿಗೆ 27 ವರ್ಷವಾಗಿದ್ದಾಗ, ವಿಲಿಯಂ ಸ್ಕೋವಿಲ್ ಎಂಬ ಶಸ್ತ್ರವೈದ್ಯರು ಅವನ ಮಿದುಳಿನ ಎರಡೂ ಪಾರ್ಶ್ವಗಳ ಒಳಮೈಯಿಂದ ಒಂದಿಷ್ಟು ಭಾಗವನ್ನು ತೆಗೆದುಹಾಕಿದರು. ಹಿಪ್ಪೊಕ್ಯಾಂಪಸ್ ಎಂಬ ಅಂಗದ ದೊಡ್ಡ ಪಾಲು ಅದರಲ್ಲಿ ಸೇರಿತ್ತು. ಆಕಾರದಲ್ಲಿ ಕಡಲಕುದುರೆಯನ್ನು ಹೋಲುವುದರಿಂದ ಅದಕ್ಕೆ ಆ ಗ್ರೀಕ್ ಹೆಸರು.

ರೋಗವೇನೋ ಬಹುಮಟ್ಟಿಗೆ ತಗ್ಗಿತು. ಬುದ್ಧಿಶಕ್ತಿಯೂ ಕುಂದಲಿಲ್ಲ. ಆದರೆ ಹೊಸದಾಗಿ ಕಂಡುದು, ಕೇಳಿದುದು ಯಾವುದೂ ಅವನಲ್ಲಿ ನಿಲ್ಲದೆ ಹೋಯಿತು. ಅವನನ್ನು ದೀರ್ಘಕಾಲ ಪರೀಕ್ಷಿಸಿದ ಬ್ರೆಂಡಾ ಮಿಲ್ನರ್ ಎಂಬ ಮನೋವಿಜ್ಞಾನಿಯು ಪ್ರತಿ ಭೇಟಿಯಲ್ಲೂ ತಮ್ಮ ಪರಿಚಯವನ್ನು ಹೊಸದಾಗಿ ಹೇಳಿಕೊಳ್ಳಬೇಕಾಗುತ್ತಿತ್ತು. ಒಮ್ಮೆ 584 ಎಂಬ ಸಂಖ್ಯೆಯನ್ನು ಕೊಟ್ಟಾಗ, ಅವನು ಅದನ್ನೇ ಧ್ಯಾನಿಸುತ್ತ ಸುಮಾರು 15 ನಿಮಿಷ ಉಳಿಸಿಕೊಂಡನು. ಗಮನವು ಬೇರೆಡೆಗೆ ಹೊರಳಿದೊಡನೆ ಸಂಖ್ಯೆಯೂ ಮರೆಯಿತು. ಸಂಖ್ಯೆಯೊಂದನ್ನು ಕೊಟ್ಟಿದ್ದರೆಂಬುದೂ ಮರೆಯಿತು.

ಇದರಿಂದ ತಿಳಿಯುವುದೇನು? ಗಳಿಗೆಯ ಮಟ್ಟಿಗೆ ಹಿಡಿದಿಡುವ ಶಕ್ತಿಯೇ ಬೇರೆ, ಶಾಶ್ವತವಾಗಿ ಕೂಡಿಡುವ ಶಕ್ತಿಯೇ ಬೇರೆ. ಬಾಲ್ಯದ ಸಂಗತಿಗಳು ಅವನಿಗೆ ನೆನಪಿದ್ದುವು. ಆದುದರಿಂದ ಹಿಪ್ಪೊಕ್ಯಾಂಪಸ್ ನೆನಪಿನ ಕಣಜವಲ್ಲ. ಹೊಸ ಬೆಳೆಯನ್ನು ಕಣಜಕ್ಕೆ ಸೇರಿಸುವ ಬಾಗಿಲು. ಹಳೆಯ ನೆನಪುಗಳು ಕಾಲಕ್ರಮದಲ್ಲಿ ಮಿದುಳಿನ ಹೊರಪದರದಲ್ಲಿ ಹರಡಿ ನೆಲೆಗೊಳ್ಳುತ್ತವೆ.

ಇನ್ನೂ ಒಂದು ವಿಸ್ಮಯವುಂಟು. ಕನ್ನಡಿಯಲ್ಲಿ ಮಾತ್ರ ನೋಡುತ್ತ ನಕ್ಷತ್ರದ ಆಕೃತಿಯೊಂದರ ಸುತ್ತ ಗೆರೆಯೆಳೆಯುವ ಕಠಿಣ ಕೆಲಸವನ್ನು ಮಿಲ್ನರ್ ಅವನಿಂದ ಮೂರು ದಿನ ಮಾಡಿಸಿದರು. ತಪ್ಪುಗಳು ದಿನದಿನಕ್ಕೂ ಇಳಿದುವು. ಆದರೂ ತಾನು ಆ ಕೆಲಸವನ್ನು ಹಿಂದೆ ಮಾಡಿದ್ದೆನೆಂಬ ಅರಿವೇ ಅವನಿಗಿರಲಿಲ್ಲ. ಮನಸ್ಸು ಮರೆತುದನ್ನು ಕೈ ಕಲಿತಿತ್ತು! ಈಜು, ಸೈಕಲ್ ಸವಾರಿಗಳಂತಹ ಕೌಶಲಗಳಿಗೆ ಮಿದುಳಿನಲ್ಲಿ ಬೇರೆಯೇ ಹಾದಿಯಿದೆ.

ಹಾಗಾದರೆ ನೆನಪಿನ ಕುರುಹು ಎಂತಹುದು? ನಮ್ಮ ಮಿದುಳಿನಲ್ಲಿ ಸುಮಾರು 8,600 ಕೋಟಿ ನರಕೋಶಗಳಿವೆ. ಒಂದು ಕೋಶವು ಮತ್ತೊಂದಕ್ಕೆ ಸುದ್ದಿ ಮುಟ್ಟಿಸುವ ಸಂಧಿಗಳು ಬಳಕೆಯಿಂದ ಬಲಗೊಳ್ಳುತ್ತವೆ. ಮೊಲದ ಹಿಪ್ಪೊಕ್ಯಾಂಪಸ್ಸಿನಲ್ಲಿ ಇಂತಹ ಬಲವರ್ಧನೆಯು ಗಂಟೆಗಟ್ಟಲೆ ಉಳಿಯುವುದನ್ನು ಬ್ಲಿಸ್ ಮತ್ತು ಲೋಮೊ ಎಂಬಿಬ್ಬರು 1973ರಲ್ಲಿ ಪ್ರಕಟಿಸಿದರು. ಹತ್ತು ಜನ ನಡೆದಾಡಿದಂತೆ ಕಾಲುದಾರಿ ಸ್ಪಷ್ಟವಾಗುವುದಿಲ್ಲವೆ? ಇದೂ ಹಾಗೆಯೇ.

ವಿದ್ಯಾರ್ಥಿಗಳಿಗೆ ಇದರಲ್ಲಿ ಪಾಠವುಂಟು. ಒಂದೇ ರಾತ್ರಿ ಕುಳಿತು ಉರುಹೊಡೆಯುವುದಕ್ಕಿಂತ, ದಿನಗಳ ಅಂತರವಿಟ್ಟು ಮತ್ತೆ ಮತ್ತೆ ಮನನ ಮಾಡುವುದು ಲೇಸು. ಜರ್ಮನಿಯ ಎಬ್ಬಿಂಗ್‌ಹೌಸ್ 1885ರಲ್ಲೇ ಇದನ್ನು ತಮ್ಮ ಮೇಲೆ ಪ್ರಯೋಗಿಸಿ ಕಂಡುಕೊಂಡಿದ್ದರು. ಗಾಢನಿದ್ರೆಯೂ ನೆನಪನ್ನು ದೃಢಪಡಿಸುತ್ತದೆ.

ಮೊಲೈಸನ್ 2008ರಲ್ಲಿ, 82ನೆಯ ವಯಸ್ಸಿನಲ್ಲಿ ತೀರಿಕೊಂಡನು. ಅಲ್ಲಿಯವರೆಗೆ ವಿಜ್ಞಾನ ಪ್ರಪಂಚವು ಅವನನ್ನು ಎಚ್. ಎಂ. ಎಂಬ ಎರಡಕ್ಷರಗಳಿಂದ ಮಾತ್ರ ಬಲ್ಲುದಾಗಿತ್ತು. ಐವತ್ತೈದು ವರ್ಷಗಳ ಕಾಲ ಹೊಸ ನೆನಪಿನ ಭಾಗ್ಯವಿಲ್ಲದೆ ಬಾಳಿದ ಅವನನ್ನು ಇನ್ನು ಮುಂದೆ ನೆನಪಿಡುವ ಹೊಣೆ ನಮ್ಮದು.