‘ರಾ ಪವರ್’: ಎರಡು ಪಾಠಗಳು

ಹಳೆಗನ್ನಡ ಕಾವ್ಯಗಳನ್ನು ಓದಿಸುವ ಅಧ್ಯಾಪಕರಿಗೆ ಪಾಠಾಂತರದ ತೊಡಕು ಹೊಸದಲ್ಲ. ಒಂದು ಓಲೆಯಲ್ಲಿ ಒಂದು ಪದ, ಇನ್ನೊಂದರಲ್ಲಿ ಮತ್ತೊಂದು. ಕವಿಯದು ಯಾವುದೆಂದು ಕೇಳೋಣವೆಂದರೆ ಕವಿ ಇಲ್ಲ. ಕವಿ ಬದುಕಿದ್ದು, ಇಪ್ಪತ್ತನಾಲ್ಕು ವರ್ಷಗಳ ಮೇಲೆ ತಾನೇ ಬಂದು ‘ನನ್ನ ಪಾಠ ಇದು’ ಎಂದು ಹೊಸ ಪ್ರತಿಯೊಂದನ್ನು ಮುಂದಿಟ್ಟರೆ ತೊಡಕು ಬಗೆಹರಿದಂತಾಯಿತೆ? ನಾನು ನಲವತ್ತು ವರ್ಷಗಳಿಂದ ಮೆಚ್ಚಿ ಕೇಳುತ್ತಿರುವ ಧ್ವನಿಮುದ್ರಿಕೆಯೊಂದರ ವಿಷಯದಲ್ಲಿ ಇದು ನಡೆದೇ ಹೋಗಿದೆ.

ಅದರ ಹೆಸರು ‘ರಾ ಪವರ್’. 1973ರಲ್ಲಿ ಹೊರಬಂದದ್ದು. ಮೇಳ, ಅಮೆರಿಕದ ಮಿಷಿಗನ್ ಸಂಸ್ಥಾನದ ಸ್ಟೂಜಸ್. ಹಾಡುವವನು ಇಗ್ಗಿ ಪಾಪ್. ಎಂಟೇ ಹಾಡು, ಮೂವತ್ತನಾಲ್ಕು ನಿಮಿಷ. ಇದನ್ನು ಹಾರ್ಡ್ ರಾಕಿನವರೂ ತಮ್ಮದೆನ್ನುತ್ತಾರೆ, ಪಂಕಿನವರೂ ತಮ್ಮದೆನ್ನುತ್ತಾರೆ. ಬಂದ ಕಾಲದಲ್ಲಿ ಕೊಂಡವರು ಮಾತ್ರ ಕೆಲವೇ ಮಂದಿ. ಮರುವರ್ಷ ಮೇಳವೇ ಒಡೆಯಿತು. ಮುಂದೆ ಸೆಕ್ಸ್ ಪಿಸ್ಟಲ್ಸ್ ಮೇಳದಲ್ಲಿ ಹೆಸರಾದ ಸ್ಟೀವ್ ಜೋನ್ಸ್ ಈ ತಟ್ಟೆಯೊಡನೆ ನುಡಿಸಿ ನುಡಿಸಿಯೇ ಗಿಟಾರಿನಲ್ಲಿ ಕೈ ಪಳಗಿಸಿಕೊಂಡನಂತೆ.

ನನಗೆ ಇದು ಮೊದಲು ದೊರೆತದ್ದು ಹಾಸ್ಟೆಲಿನಲ್ಲಿ, ನಕಲಿನ ನಕಲಾದ ಕ್ಯಾಸೆಟ್ಟಿನಲ್ಲಿ. ಇಗ್ಗಿಯ ಕಂಠವೂ ಜೇಮ್ಸ್ ವಿಲಿಯಮ್ಸನ್ನನ ಗಿಟಾರೂ ಮುಂದೆ ನಿಂತು ಕಿವಿ ಹರಿಯುತ್ತಿದ್ದುವು. ಡ್ರಮ್ಮು ಪಕ್ಕದ ಮನೆಯಲ್ಲಿ ಯಾರೋ ಹಾಸಿಗೆ ಕೊಡವಿದಂತೆ. ಬೇಸ್ ಗಿಟಾರಂತೂ ಇಲ್ಲವೇ ಇಲ್ಲ. ಕ್ಯಾಸೆಟ್ಟಿನ ದೋಷವೆಂದು ಬಗೆದು ಸ್ಪಿರಿಟ್ಟಿನಿಂದ ತಲೆಯನ್ನು ಒರೆಸಿದೆ (ಯಂತ್ರದ ತಲೆಯನ್ನು). ವರ್ಷಗಳ ಮೇಲೆ, ಸಂಬಳ ಕಂಡ ಬಳಿಕ, ಅಸಲು ತಟ್ಟೆಯನ್ನೇ ತರಿಸಿ ಸೂಜಿಯಿಟ್ಟರೆ ಅದೇ ದನಿ! ದೋಷ ಮೂಲದಲ್ಲಿಯೇ ಇತ್ತು.

ಅದರ ಕಥೆ ಹೀಗೆ. ಒಂದೊಂದು ವಾದ್ಯವನ್ನು ಒಂದೊಂದು ಟ್ರ್ಯಾಕಿನಲ್ಲಿ ಹಿಡಿದು, ಆಮೇಲೆ ಹದವರಿತು ಬೆರೆಸುವುದು ಧ್ವನಿಮುದ್ರಣದವರ ಪದ್ಧತಿ. ಈ ಬೆರಕೆಗೆ ಮಿಕ್ಸ್ ಎನ್ನುತ್ತಾರೆ. 1972ರಲ್ಲಿ ಲಂಡನ್ನಿನಲ್ಲಿ ಇಗ್ಗಿ ತಾನೇ ಮಾಡಿದ ಮಿಕ್ಸ್ ಕಂಪೆನಿಯವರಿಗೆ ಹಿಡಿಸಲಿಲ್ಲ. ಡೇವಿಡ್ ಬೋವಿಯ ಕೈಗೆ ಒಪ್ಪಿಸಿದರು. ಇಪ್ಪತ್ತನಾಲ್ಕು ಟ್ರ್ಯಾಕುಗಳಲ್ಲಿ ಮೂರು ಮಾತ್ರ ತುಂಬಿದ್ದುವೆಂದು ಬೋವಿ ಆಮೇಲೆ ಹೇಳಿಕೊಂಡ: ಒಂದರಲ್ಲಿ ಮೇಳವೆಲ್ಲ, ಒಂದರಲ್ಲಿ ಗಿಟಾರು, ಒಂದರಲ್ಲಿ ಹಾಡು. ಕುದಿದು ಇಳಿಸಿದ ಹುಳಿಯಲ್ಲಿ ಬೇಳೆಯ ಪಾಲು ಹೆಚ್ಚಿಸೆಂದರೆ ಯಾವ ಅಡಿಗೆಯವನು ತಾನೆ ಏನು ಮಾಡಿಯಾನು? ಹಾಲಿವುಡ್ಡಿನಲ್ಲಿ ಕೆಲಸ ಅವಸರದಲ್ಲಿ ಮುಗಿಯಿತು.

ಆ ಹಳೆಯ ಮುದ್ರಣವನ್ನು ಇಗ್ಗಿ ಮತ್ತೆ ಬೆರೆಸಿದ್ದು 1997ರಲ್ಲಿ ಹೊರಬಂತು. ಬೇಸ್ ಕೇಳಿತು! (ಬೋವಿಯ ಲೆಕ್ಕ ಎಲ್ಲ ಹಾಡುಗಳಿಗೂ ಸಲ್ಲದೆಂದು ಆಗ ನನಗೆ ತೋರಿತು.) ಅದನ್ನು ನುಡಿಸಿದವನು ರಾನ್ ಆಷ್ಟನ್. ಮೇಳದ ಮೊದಲ ಎರಡು ಮುದ್ರಿಕೆಗಳಲ್ಲಿ ಗಿಟಾರು ಇವನದೇ. ವಿಲಿಯಮ್ಸನ್ ಬಂದ ಮೇಲೆ ಬೇಸಿಗೆ ಸರಿಯಬೇಕಾಯಿತು. ಸರಿಸಿದ್ದಲ್ಲದೆ ಅದನ್ನೂ ಕೇಳಿಸದಂತೆ ಮಾಡಿದ್ದು ಅನ್ಯಾಯವಲ್ಲವೆ? ಅವನ ಪಕ್ಷ ಹಿಡಿದು ಗೆಳೆಯರೊಡನೆ ಹೊಸ ಪಾಠಕ್ಕಾಗಿ ಎಷ್ಟೋ ಸಂಜೆ ವಾದಿಸಿದೆ.

ಆದರೆ ವಾದಿಸಿ ಮನೆಗೆ ಬಂದು ಕೇಳಿದರೆ ಎರಡನೆಯ ಹಾಡಿಗೇ ಕಿವಿ ದಣಿಯುತ್ತಿತ್ತು. ಆ ಹಾಡು, ‘ಗಿಮ್ಮಿ ಡೇಂಜರ್’, ಮೆಲ್ಲನೆ ಹೆಜ್ಜೆಯಿಟ್ಟು ಬಂದು ಕಡೆಗೆ ಮೇಲೆರಗುವಂಥದು. ಹೊಸ ಮಿಕ್ಸಿನಲ್ಲಿ ಎಲ್ಲವೂ ಏರುದನಿಯೇ. ಹಿಂದೆ ಸರಿದು ನಿಲ್ಲಲು ಯಾವುದಕ್ಕೂ ಎಡೆಯಿಲ್ಲ, ಎರಗುವುದೆಲ್ಲಿಂದ ಬಂತು? ಇದನ್ನು ಗೆಳೆಯರ ಮುಂದೆ ಒಪ್ಪಿಕೊಳ್ಳಲು ನನಗೆ ಹತ್ತು ವರ್ಷ ಹಿಡಿಯಿತು.

ರಾನ್ ಆಷ್ಟನ್ 2009ರಲ್ಲಿ ತೀರಿಕೊಂಡ. ಮರುವರ್ಷ ಕಂಪೆನಿ ಬೋವಿಯ ಮಿಕ್ಸನ್ನೇ ಮತ್ತೆ ಹೊರತಂದಿತು. ಆಷ್ಟನ್ನನ ಹಳೆಯ ಮಾತೊಂದು ನನ್ನ ಕಣ್ಣಿಗೆ ಬಿದ್ದದ್ದು ಆಮೇಲೆ: ಇಗ್ಗಿಯ ಹೊಸ ಮಿಕ್ಸಿಗಿಂತ ಹಳೆಯದೇ ತನಗೆ ಹೆಚ್ಚು ಇಷ್ಟವೆಂದು ಆತ ಹೇಳಿದ್ದ. ಈಗ ನಾನು ಹಾಕುವುದು ಹಳೆಯ ತಟ್ಟೆಯನ್ನೇ. ಬೇಸ್ ಎಲ್ಲೆಲ್ಲಿ ನುಡಿಯುತ್ತದೆಂದು ಹೊಸದರಿಂದ ಕಲಿತಿದ್ದೇನೆ. ಆ ಎಡೆಗಳು ಬಂದಾಗ ಕೈ ಮೇಜಿನ ಮೇಲೆ ತಾನಾಗಿ ತಾಳ ಹಾಕುತ್ತದೆ.