ಲ್ಯಾಪ್‌ಟಾಪಿಗೆ ಹೆಚ್ಚುವರಿ ವಾರಂಟಿ: ಕೊಳ್ಳಬೇಕೆ, ಬಿಡಬೇಕೆ?

ಮಳೆಗಾಲದೊಂದಿಗೆ ಕಾಲೇಜುಗಳೂ ಆರಂಭವಾಗುತ್ತವೆ. ಹಿಂದೆ ಕೊಡೆ, ಪುಸ್ತಕ, ಬಸ್ಸಿನ ಪಾಸಿಗೆ ಮುಗಿಯುತ್ತಿದ್ದ ಖರ್ಚಿಗೆ ಈಗ ಲ್ಯಾಪ್‌ಟಾಪೂ ಸೇರಿಕೊಂಡಿದೆ. ಅಡಿಕೆ ಮಾರಿದ ಹಣವೋ, ಸಹಕಾರಿ ಬ್ಯಾಂಕಿನ ಸಾಲವೋ, ಅಂತೂ ಹೇಗೋ ಹೊಂದಿಸಿಕೊಂಡು ಅಂಗಡಿಗೆ ಹೋದ ಹೆತ್ತವರಿಗೆ ಬಿಲ್ಲು ಬರೆಯುವ ಹೊತ್ತಿಗೆ ಇನ್ನೊಂದು ಪ್ರಶ್ನೆ ಎದುರಾಗುತ್ತದೆ. ಇನ್ನೂ ಎರಡು ವರ್ಷಕ್ಕೆ ವಾರಂಟಿ ಸೇರಿಸೋಣವೆ?

ನಮ್ಮ ಕನ್ನಡ ಮನೆಗಳಿಗೆ ಇಲ್ಲಿ ಇನ್ನೊಂದು ತೊಡಕಿದೆ. ಅಂಗಡಿಯವರ ವಿವರಣೆ ಮಲೆಯಾಳದಲ್ಲಿ, ಷರತ್ತಿನ ಕಾಗದ ಇಂಗ್ಲಿಷಿನಲ್ಲಿ. ಕೇಳಲು ಸಂಕೋಚಪಟ್ಟು ತಲೆಯಾಡಿಸಿ ಹಣ ಕೊಟ್ಟು ಬರುವವರೇ ಹೆಚ್ಚು. ಆದ್ದರಿಂದ ಕೆಲವು ಸಂಗತಿಗಳನ್ನು ಮನೆಯಲ್ಲೇ ತಿಳಿದುಕೊಂಡು ಹೋಗುವುದು ಒಳ್ಳೆಯದು.

ತಯಾರಕರ ವಾರಂಟಿ ಸಾಮಾನ್ಯವಾಗಿ 1 ವರ್ಷದ್ದು. ಹೆಚ್ಚುವರಿ ವಾರಂಟಿ ಆ ಅವಧಿಯನ್ನು ಹಿಗ್ಗಿಸುತ್ತದೆಯೇ ಹೊರತು ಅದರ ವ್ಯಾಪ್ತಿಯನ್ನಲ್ಲ. ಅಂದರೆ ಯಂತ್ರ ತಾನಾಗಿ ಕೆಟ್ಟರೆ ಮಾತ್ರ ದುರಸ್ತಿ. ಬಸ್ಸಿನ ನೂಕುನುಗ್ಗಲಿನಲ್ಲಿ ಬಿದ್ದು ಪರದೆ ಒಡೆದರೆ, ಆಟಿಯ ಮಳೆಗೆ ಚೀಲ ತೊಯ್ದರೆ, ತುಲಾ ತಿಂಗಳ ಸಿಡಿಲಿಗೆ ಸುಟ್ಟುಹೋದರೆ ಸಾಮಾನ್ಯ ವಾರಂಟಿಯಲ್ಲಿ ಪರಿಹಾರ ಸಿಗದು. ಇಂಥ ಆಕಸ್ಮಿಕ ಹಾನಿಗೆ ಬೇರೆಯೇ ಯೋಜನೆಗಳಿದ್ದು, ಅವುಗಳ ಬೆಲೆಯೂ ಷರತ್ತುಗಳೂ ಬೇರೆ. ಬಳಸಿದಂತೆ ಬ್ಯಾಟರಿಯ ಶಕ್ತಿ ಕುಗ್ಗುವುದು ಸಹಜವಾದ್ದರಿಂದ ಹಲವು ಯೋಜನೆಗಳು ಅದನ್ನು ಹೊರಗಿಡುತ್ತವೆ. ಒಳಗಿನ ಬರಹ, ಚಿತ್ರಗಳು ಅಳಿದರಂತೂ ಯಾವ ವಾರಂಟಿಯೂ ಹೊಣೆ ಹೊರುವುದಿಲ್ಲ. ಅವುಗಳ ಪ್ರತಿಯನ್ನು ಬೇರೆ ಕಡೆ ಇಟ್ಟುಕೊಳ್ಳಬೇಕಾದವರು ನಾವೇ.

ಇನ್ನು ಲೆಕ್ಕ. ವಾರಂಟಿಯ ಬೆಲೆ 5,000 ರೂ., ಮದರ್‌ಬೋರ್ಡ್ ಕೆಟ್ಟರೆ ತಗಲುವ ಖರ್ಚು 15,000 ರೂ. ಎಂದಿಟ್ಟುಕೊಳ್ಳೋಣ. ಹಾಗಾದರೆ ಆ ಅವಧಿಯಲ್ಲಿ ಮೂರು ಯಂತ್ರಗಳಲ್ಲಿ ಒಂದಾದರೂ ಕೆಡುವಂತಿದ್ದರೆ ಮಾತ್ರ ಕೊಟ್ಟ ಹಣಕ್ಕೆ ಸರಿಹೋಗುತ್ತದೆ. ಆ 15,000ವನ್ನು ಹೇಗಾದರೂ ಭರಿಸಬಲ್ಲ ಮನೆಯವರು ವಾರಂಟಿಯ ಹಣವನ್ನು ಅಂಚೆ ಕಚೇರಿಯ ಉಳಿತಾಯ ಖಾತೆಯಲ್ಲಿ ಇಟ್ಟುಕೊಳ್ಳುವುದೇ ಲೇಸು. ಕೆಟ್ಟರೆ ದುರಸ್ತಿಗಾಯಿತು, ಕೆಡದಿದ್ದರೆ ಹಣ ಕೈಯಲ್ಲೇ ಉಳಿಯಿತು. ಆದರೆ ಒಂದೇ ಯಂತ್ರವನ್ನು ನಂಬಿ ಮೂರು ನಾಲ್ಕು ವರ್ಷದ ಓದು ನಡೆಯಬೇಕಾಗಿದ್ದು, ಒಮ್ಮೆಗೆ ಅಷ್ಟು ಹಣ ಹುಟ್ಟಿಸುವುದು ಅಸಾಧ್ಯವಾದ ಮನೆಗೆ ವಾರಂಟಿ ಒಂದು ಆಸರೆಯೇ ಸರಿ.

ಕೊಳ್ಳುವುದಾದರೆ ಮೂರು ಪ್ರಶ್ನೆ ಕೇಳಿ. ಇದು ತಯಾರಕರದ್ದೋ, ಅಂಗಡಿಯದ್ದೋ, ಮೂರನೆಯವರದ್ದೋ? ಮೂರನೆಯವರದ್ದಾದರೆ ನಾಳೆ ದೂರು ಯಾರಲ್ಲಿ ಹೇಳಬೇಕು? ದುರಸ್ತಿಗೆ ಮನೆಗೇ ಬರುವರೆಂದರೆ ನಿಮ್ಮ ಊರಿನ ಪಿನ್‌ಕೋಡಿಗೆ ಅದು ಅನ್ವಯವಾಗುತ್ತದೆಯೇ? ಇಲ್ಲವಾದರೆ ಮಂಜೇಶ್ವರದವರು ಮಂಗಳೂರಿಗೂ ಮುಳ್ಳೇರಿಯದವರು ಕಾಸರಗೋಡಿಗೂ ಯಂತ್ರ ಹೊತ್ತು ಅಲೆಯಬೇಕಾದೀತು. ಉತ್ತರಗಳನ್ನು ಬಾಯಿಮಾತಿನಲ್ಲಿ ಬಿಡದೆ ಬರಹದಲ್ಲಿ ಪಡೆಯಿರಿ.

ಅವಸರವೂ ಬೇಡ. ಮೂಲ ವಾರಂಟಿ ಮುಗಿಯುವ ಮೊದಲು ಯಾವಾಗ ಬೇಕಾದರೂ ವಿಸ್ತರಿಸಿಕೊಳ್ಳಲು ಅನೇಕ ತಯಾರಕರು ಅವಕಾಶ ಕೊಡುತ್ತಾರೆ. ಕಾಗದವನ್ನು ಮನೆಗೆ ತಂದು, ಇಂಗ್ಲಿಷ್ ಬಲ್ಲ ಮಕ್ಕಳಿಂದ ಓದಿಸಿ, ಅರ್ಥ ಕೇಳಿ, ಆಮೇಲೆ ನಿರ್ಧರಿಸಬಹುದು.

ಹಣ ಪಡೆದು ಮಾತು ತಪ್ಪಿದರೆ ಸುಮ್ಮನಿರಬೇಕಾಗಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಂತೆ ಕೊಂಡ ಊರಿಗೇ ಹೋಗಬೇಕೆಂದಿಲ್ಲ, ತಾನು ವಾಸಿಸುವ ಜಿಲ್ಲೆಯ ಗ್ರಾಹಕ ಆಯೋಗದಲ್ಲೇ ದೂರು ಕೊಡಬಹುದು. ಮಂಗಳೂರಿನಲ್ಲಿ ಕೊಂಡವರಿಗೂ ಕಾಸರಗೋಡಿನ ಆಯೋಗವಿದೆ. ದೂರಿಗೆ ಕಾರಣವಾದ ದಿನದಿಂದ 2 ವರ್ಷದೊಳಗೆ ಸಲ್ಲಿಸಬೇಕು. ಕೊಂಡ ಬೆಲೆ 5 ಲಕ್ಷ ರೂ. ಮೀರದಿದ್ದರೆ ಶುಲ್ಕವಿಲ್ಲ. 1915 ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ. ಇವೆಲ್ಲಕ್ಕೂ ಆಧಾರ ಬಿಲ್ಲು ಮತ್ತು ಷರತ್ತಿನ ಕಾಗದ. ರೇಶನ್ ಕಾರ್ಡಿನಷ್ಟೇ ಜೋಪಾನವಾಗಿ ಅವೆರಡನ್ನೂ ತೆಗೆದಿಡಿ.