ಹಳ್ಳದ ಮೇಲೆ ಕಣ್ಣಿಡಲು ಹೆಕ್ಟೇರಿಗೆ 24 ರೂಪಾಯಿ

ಬೀದರ್ ಜಿಲ್ಲೆಯ ಬಸವಕಲ್ಯಾಣ ತಾಲ್ಲೂಕಿನಲ್ಲಿ ಬಿದ್ದ ಮಳೆ ಎರಡು ದಾರಿ ಹಿಡಿಯುತ್ತದೆ. ಚುಳಕಿ ನಾಲಾ ಹಳ್ಳಕ್ಕೆ ಇಳಿದದ್ದು ಮಾಂಜ್ರಾ ಸೇರಿ ಗೋದಾವರಿಗೆ ಹೋಗುತ್ತದೆ. ಮುಲ್ಲಾಮಾರಿಗೆ ಇಳಿದದ್ದು ಕಾಗಿಣಾ, ಭೀಮಾ ದಾಟಿ ಕೃಷ್ಣೆಗೆ. ಎರಡು ಮಹಾನದಿಗಳ ನೆತ್ತಿಯ ಮೇಲಿರುವ ಈ ಹಳ್ಳಗಳ ಲೆಕ್ಕ ಇಟ್ಟವರು ಯಾರು?

ಜಿಲ್ಲೆಯ ವಾಡಿಕೆ ಮಳೆ ಸುಮಾರು 850 ಮಿ.ಮೀ. ಒಂದು ಕಿರು ಜಲಾನಯನ 500 ಹೆಕ್ಟೇರ್ ಎಂದುಕೊಂಡರೆ ಅದರ ಮೇಲೆ ವರ್ಷಕ್ಕೆ ಬೀಳುವ ನೀರು 425 ಕೋಟಿ ಲೀಟರ್. ಹತ್ತರಲ್ಲಿ ಒಂದು ಪಾಲು ಹರಿದರೂ 42.5 ಕೋಟಿ ಲೀಟರ್ ಹಳ್ಳಕ್ಕಿಳಿಯುತ್ತದೆ. ಆ ಪಾಲು ಒಂದೋ ಎರಡೋ ಎಂಬುದನ್ನು ಅಳೆಯದೆ ಬದು, ಚೆಕ್ ಡ್ಯಾಂ ಫಲ ಕೊಟ್ಟವೆಂದು ಹೇಳುವುದು ಬರೀ ಅಂದಾಜು.

ದುಡ್ಡಿನ ಲೆಕ್ಕ ನೋಡಿ. ಕೇಂದ್ರ ಸರ್ಕಾರದ 2008ರ ಮಾರ್ಗಸೂಚಿಯಂತೆ ಬಯಲು ಸೀಮೆಯಲ್ಲಿ ಜಲಾನಯನ ಅಭಿವೃದ್ಧಿಗೆ ಹೆಕ್ಟೇರಿಗೆ 12,000 ರೂಪಾಯಿ ಇತ್ತು. ಅದರಲ್ಲಿ ಉಸ್ತುವಾರಿಗೆ ಶೇ 1, ಅಂದರೆ 120 ರೂಪಾಯಿ. ಐದು ವರ್ಷಕ್ಕೆ ಹಂಚಿದರೆ ವರ್ಷಕ್ಕೆ 24. ಕಾಮಗಾರಿಯ ತಪಾಸಣೆಯೂ ಅದರಲ್ಲೇ ಆಗಬೇಕಿತ್ತು. ಹಳ್ಳದ ನೀರಿಗೆ ಎಷ್ಟು ಉಳಿದೀತು? 5,000 ಹೆಕ್ಟೇರಿನ ಯೋಜನೆಗೆ 6 ಕೋಟಿ ಸುರಿದು, ಅದರ ಮೇಲೆ ಕಣ್ಣಿಡಲು 6 ಲಕ್ಷ ಕೊಡುವುದು ನನಗಂತೂ ಸರಿ ಕಾಣುವುದಿಲ್ಲ. ಈಗ ಹೆಕ್ಟೇರಿನ ದರ 22,000ಕ್ಕೆ ಏರಿದೆ. ಉಸ್ತುವಾರಿಯ ಪಾಲೂ ಏರಬೇಕು.

ಹರಿವು ಅಳೆಯಲು ಯಂತ್ರವೇ ಬೇಕೆಂದಿಲ್ಲ. ನೇರ ಹರಿಯುವ ಕಡೆ 10 ಮೀಟರ್ ಗುರುತು ಮಾಡಿ, ನಿಂಬೆಹಣ್ಣು ತೇಲಿಬಿಟ್ಟು ಮೊಬೈಲಿನಲ್ಲಿ ಹೊತ್ತು ನೋಡಿ. 25 ಸೆಕೆಂಡು ಹಿಡಿದರೆ ವೇಗ ಸೆಕೆಂಡಿಗೆ 0.4 ಮೀಟರ್. ಹಳ್ಳದ ಅಗಲ 4 ಮೀಟರ್, ಆಳ ಅರ್ಧ ಮೀಟರ್ ಇದ್ದರೆ ಮೂರನ್ನೂ ಗುಣಿಸಿ. ತಳದ ನೀರು ನಿಧಾನವಾದ್ದರಿಂದ 0.85ರಿಂದ ಮತ್ತೊಮ್ಮೆ ಗುಣಿಸಿ. ಸೆಕೆಂಡಿಗೆ 680 ಲೀಟರ್, ದಿನಕ್ಕೆ ಸುಮಾರು 5.9 ಕೋಟಿ ಲೀಟರ್. ಖರ್ಚು ಒಂದು ನಿಂಬೆಹಣ್ಣು.

ನೀರಿನ ಗುಣಕ್ಕೆ ಪ್ರಯೋಗಾಲಯ ಬೇಕು. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಪ್ರಕಾರ ಸ್ನಾನಕ್ಕೆ ಯೋಗ್ಯವಾಗಲು ಲೀಟರಿನಲ್ಲಿ ಕರಗಿದ ಆಮ್ಲಜನಕ ಕನಿಷ್ಠ 5 ಮಿಲಿಗ್ರಾಂ, ಬಿಒಡಿ (ಜೈವಿಕ ಆಮ್ಲಜನಕ ಬೇಡಿಕೆ) 3 ಮಿಲಿಗ್ರಾಂ ಒಳಗೆ ಇರಬೇಕು. ಕುಡಿಯುವ ನೀರಿನಲ್ಲಿ ನೈಟ್ರೇಟ್ 45 ಮಿಲಿಗ್ರಾಂ ಮೀರಬಾರದು. ಕಬ್ಬಿಗೆ ಗೊಬ್ಬರ ಸುರಿಯುವ ಹೊಲಗಳ ಕೆಳಗೆ ನೈಟ್ರೇಟ್, ಹುಮನಾಬಾದಿನಂಥ ಪಟ್ಟಣಗಳ ಚರಂಡಿ ಸೇರುವ ಕಡೆ ಬಿಒಡಿ ಮೊದಲು ನೋಡಬೇಕು.

ಮೃಗಶಿರಾ ಮಳೆಗೆ ಮುಂಚೆ ನಿಮ್ಮೂರ ಹಳ್ಳದ ಸೇತುವೆಯ ಕಂಬಕ್ಕೆ ಸೆಂಟಿಮೀಟರ್ ಗುರುತು ಬರೆಸಿ. ದಿನಾಂಕ ಹಾಕಿ ನೀರಿನ ಮಟ್ಟ ಬರೆದಿಡಿ, ಗ್ರಾಮಸಭೆಯಲ್ಲಿ ಓದಿ ಹೇಳಿ.